ಗೆಣ್ಣಿನೊಳಗಿನ ಕೆಂಪು

ನಮ್ಮ ಮನೆಯಾಕೆಯು ಬೆಳಗಿನ ಹೊತ್ತು ಬೆರಳುಗಳನ್ನು ಮಡಿಸಲಾರದೆ ಕಾಫಿಯ ಲೋಟವನ್ನು ಎರಡು ಕೈಗಳಿಂದಲೂ ಹಿಡಿಯುತ್ತಿದ್ದಳು. ಒಂದು ಗಂಟೆ ಕಳೆದ ಮೇಲೆ ಕೈ ಸಡಿಲವಾಗುತ್ತಿದ್ದುದರಿಂದ ನಾವು ಅದನ್ನು ವಯಸ್ಸಿನ ವಾಯುವೆಂದು ಉಪೇಕ್ಷಿಸಿದೆವು. ಕ್ಷ-ಕಿರಣದ ಚಿತ್ರವೂ ನಿರ್ದೋಷವಾಗಿ ಬಂದಿತು. ನಾವು ವಾದದಲ್ಲಿ ಗೆದ್ದವರಂತೆ ನಕ್ಕೆವು.

ವೈದ್ಯರು ನಗಲಿಲ್ಲ. 1895ರಲ್ಲಿ ಜರ್ಮನಿಯ ರಾಂಟ್ಜೆನ್ ಪಂಡಿತರು ತಮ್ಮ ಪತ್ನಿಯ ಕೈಯನ್ನು ಚಿತ್ರಿಸಿದಾಗ ಎದ್ದು ಕಂಡುವು ಮೂಳೆಗಳೂ ಉಂಗುರವೂ. ಆ ಕಿರಣವು ಮೂಳೆಯನ್ನು ತೋರಿಸುವುದೇ ಹೊರತು, ಕೀಲಿನೊಳಗಣ ಮೃದುವಾದ ಪೊರೆಯನ್ನು ಸ್ಪಷ್ಟವಾಗಿ ತೋರಿಸದು. ಮೃದ್ವಸ್ಥಿಯೂ ಹಾಗೆಯೇ, ಮೂಳೆಗಳ ನಡುವಣ ಸಂದು ಕಿರಿದಾದರೆ ಅದು ಸವೆದುದೆಂದು ಊಹಿಸಬೇಕು. ಆಮವಾತವಾದರೋ ಮೊದಲು ಪೊರೆಯಲ್ಲಿ ಉರಿಯೂತವನ್ನೆಬ್ಬಿಸಿ, ಅನಂತರ ಮೂಳೆಯಂಚನ್ನು ಕೊರೆಯುವುದು. ಹೀಗೆಂದು ಹೇಳಿ ಅವರು ಅಲ್ಟ್ರಾಸೌಂಡ್ ಯಂತ್ರದಿಂದ ಬೆರಳ ಬುಡದ ಗೆಣ್ಣುಗಳನ್ನು ಪರೀಕ್ಷಿಸಿದರು. ಪೊರೆಯು ದಪ್ಪವಾಗಿದ್ದಿತು, ಅಲ್ಲಿ ಹೆಚ್ಚಿದ ರಕ್ತಸಂಚಾರವು ತೆರೆಯ ಮೇಲೆ ಕೆಂಪಾಗಿ ಮಿನುಗಿತು.

ಕೊರೆದುಹೋದ ಮೂಳೆಯು ಮರಳಿ ತುಂಬುವುದು ಅಪೂರ್ವ. ಆಕೆಯ ಮೂಳೆಯಿನ್ನೂ ಉಳಿದಿರುವಾಗಲೇ ಔಷಧವು ಮೊದಲಾದುದು ನಮ್ಮ ಪುಣ್ಯ.

ವಾಚಕರೇ, ಚಿತ್ರದಲ್ಲಿ ಕಾಣದ ನೋವನ್ನು ನಾವು ಸುಳ್ಳೆಂದೆಣಿಸಿದ್ದೆವು. ಆಕೆಯು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಅಂದಿನಿಂದ ಬೆಳಗಿನ ಕಾಫಿಯನ್ನು ಬೆರೆಸುವವರು ನಾವೇ.