ಪಕ್ಕವಾದ್ಯದವರ ಮುಖ

ಸಂಗೀತ ಕಛೇರಿಯ ಚಿತ್ರ ತೆಗೆಯಲು ಎಂತಹ ಕ್ಯಾಮೆರಾ ಕೊಳ್ಳಬೇಕೆಂದು ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುತ್ತಿರುತ್ತಾರೆ. ಗಣಿತದ ಮೇಷ್ಟರಿಗೆ ಈ ಹುಚ್ಚು ಹೇಗೆ ಹಿಡಿಯಿತೆಂಬ ಕುತೂಹಲವೂ ಆ ಪ್ರಶ್ನೆಯಲ್ಲಿ ಅಡಗಿರುತ್ತದೆ. ಎರಡಕ್ಕೂ ಇಲ್ಲಿ ಉತ್ತರಿಸುತ್ತೇನೆ.

ನಮ್ಮ ಚಿಕ್ಕಪ್ಪನವರು ನಾಲ್ಕು ದಶಕಗಳ ಕಾಲ ಅನೇಕ ಗಾಯಕರಿಗೆ ಪಿಟೀಲು ನುಡಿಸಿದವರು. ಅವರು ತೀರಿಕೊಂಡ ಮೇಲೆ, ವೇದಿಕೆಯ ಮೇಲೆ ನುಡಿಸುತ್ತಿರುವ ಅವರದೊಂದು ಚಿತ್ರಕ್ಕಾಗಿ ಮನೆಯ ಟ್ರಂಕುಗಳನ್ನೆಲ್ಲ ಹುಡುಕಿದೆವು. ದೊರೆತ ಚಿತ್ರಗಳಲ್ಲೆಲ್ಲ ನಡುವೆ ಗಾಯಕರಿದ್ದರು. ಅಂಚಿನಲ್ಲಿ ಚಿಕ್ಕಪ್ಪನವರ ಮೊಣಕೈ, ಕಮಾನಿನ ತುದಿ. ಮುಖ ಒಂದರಲ್ಲಿಯೂ ಇರಲಿಲ್ಲ. 2018ರಲ್ಲಿ ನಿವೃತ್ತನಾದಾಗ ನಾನು ಕ್ಯಾಮೆರಾ ಕೊಂಡದ್ದು ಈ ಕಾರಣಕ್ಕೆ.

ಕೊಳ್ಳುವವರು ಮೊದಲು ಮಸೂರದ ಬಗ್ಗೆ ಯೋಚಿಸಬೇಕು. ಕ್ಯಾಮೆರಾದೊಡನೆ ಬರುವ 18-55 ಮಿ.ಮೀ. ಜೂಮ್ ಮಸೂರವನ್ನು ಪೂರ್ತಿ ಹಿಗ್ಗಿಸಿದರೆ ಅದರ ದ್ವಾರ ಸಾಮಾನ್ಯವಾಗಿ ಎಫ್ 5.6ಕ್ಕಿಂತ ಹೆಚ್ಚು ತೆರೆಯದು. 85 ಮಿ.ಮೀ., ಎಫ್ 1.8ರ ಮಸೂರ ಅದರ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿರಿ; ಲೆಕ್ಕ ಸರಿಹೋಗುತ್ತದೆ.

ಫ್ಲ್ಯಾಶನ್ನು ಮರೆತುಬಿಡಿ. 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಲಿಯ ರಾಮನವಮಿ ಕಛೇರಿಗಳಿಗೆ ಬೆಂಗಳೂರಿನ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಹಾಕುವ ಚಪ್ಪರವನ್ನು ನೆನೆಯಿರಿ. ಅಂತಹ ಕಡೆ ಹಿಂದಿನ ಸಾಲಿನಿಂದ ಹೊಡೆದ ಫ್ಲ್ಯಾಶ್ ಬೆಳಗಿಸುವುದು ಮುಂದೆ ಕುಳಿತವರ ತಲೆಗಳನ್ನಷ್ಟೇ. ಜೊತೆಗೆ ಕೇಳುಗರ ಏಕಾಗ್ರತೆಗೂ ಭಂಗ. ಬದಲಿಗೆ ಐಎಸ್‌ಒವನ್ನು 3200ರವರೆಗೆ ಏರಿಸಲು ಅಂಜಬೇಡಿ. ಕಾಳುಕಾಳಾದ ಚಿತ್ರ ಅಲುಗಿದ ಚಿತ್ರಕ್ಕಿಂತ ಮೇಲು.

ಆಲಾಪನೆಯ ಮೌನದಲ್ಲಿ ಶಟರಿನ ಸದ್ದು ಕರ್ಕಶವಾಗಿ ಕೇಳುತ್ತದೆ. ಮಿರರ್‌ಲೆಸ್ ಕ್ಯಾಮೆರಾಗಳ ಎಲೆಕ್ಟ್ರಾನಿಕ್ ಶಟರಿಗೆ ಸದ್ದಿಲ್ಲ. ಆದರೆ ಕೆಲವು ಎಲ್‌ಇಡಿ ದೀಪಗಳಡಿಯಲ್ಲಿ ಚಿತ್ರದ ಮೇಲೆ ಪಟ್ಟಿಗಳು ಮೂಡುತ್ತವೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದುದರಿಂದ, ಶಟರಿನ ಅವಧಿಯನ್ನು ಸೆಕೆಂಡಿನ 1/100 ಭಾಗಕ್ಕೆ ಇಟ್ಟರೆ ಬಹುಮಟ್ಟಿಗೆ ಅವು ಮರೆಯಾಗುತ್ತವೆ. ಮೃದಂಗದ ಮೇಲೆ ಓಡುವ ಬೆರಳುಗಳು ಸ್ಪಷ್ಟವಾಗಿ ಬೇಕೆಂದರೆ ಮಾತ್ರ 1/250 ಅಥವಾ ಇನ್ನೂ ಕಡಿಮೆ ಅವಧಿ ಬೇಕು.

ಇನ್ನು ಕುಳಿತುಕೊಳ್ಳುವ ಜಾಗ. ನಟ್ಟನಡುವೆ ಕುಳಿತರೆ ಗಾಯಕರ ಬಾಯಿ ಮೈಕಿನ ಹಿಂದೆ ಮರೆಯಾಗುತ್ತದೆ. ಸಾಮಾನ್ಯವಾಗಿ ಪಿಟೀಲಿನವರು ಗಾಯಕರ ಎಡಕ್ಕೆ, ಮೃದಂಗದವರು ಬಲಕ್ಕೆ ಕುಳಿತು ಗಾಯಕರತ್ತ ತಿರುಗಿರುತ್ತಾರೆ. ಆದ್ದರಿಂದ ಸಭೆಯ ಎಡಬದಿಯಲ್ಲಿ ಕುಳಿತವರಿಗೆ ಪಿಟೀಲಿನವರ ಮುಖ, ಬಲಬದಿಯಲ್ಲಿ ಕುಳಿತವರಿಗೆ ಮೃದಂಗದವರ ಮುಖ ಚೆನ್ನಾಗಿ ಕಾಣುತ್ತದೆ. ವ್ಯವಸ್ಥಾಪಕರ ಅನುಮತಿ ಪಡೆದು, ಕಛೇರಿ ಮುಗಿಯುವವರೆಗೂ ಅಲ್ಲಿಂದ ಏಳದಿರುವುದು ಮರ್ಯಾದೆ.

2019ರಲ್ಲಿ ಹಿರಿಯ ಮೃದಂಗ ವಿದ್ವಾಂಸರೊಬ್ಬರ ತನಿ ಆವರ್ತನದ ಚಿತ್ರವೊಂದನ್ನು ಮುದ್ರಿಸಿ ಅವರಿಗೆ ಕಳುಹಿಸಿದ್ದೆ. ಅವರು ಫೋನಿನಲ್ಲಿ, “ಮೇಷ್ಟ್ರೇ, ನುಡಿಸುವಾಗ ನಾನು ನಗ್ತೀನಿ ಅಂತ ನನಗೇ ಗೊತ್ತಿರಲಿಲ್ಲ” ಎಂದರು. ಎರಡು ವರ್ಷಗಳ ತರುವಾಯ ಅವರು ತೀರಿಕೊಂಡರು. ಅವರ ಮನೆಯ ನಡುಮನೆಯಲ್ಲಿ ಹಾರ ಹಾಕಿರುವುದು ಆ ನಗುವಿನ ಚಿತ್ರಕ್ಕೇ.

ಮಕ್ಕಳೇ, ಬೆಲೆಯ ವಿಚಾರ ಅಂಗಡಿಯವರನ್ನು ಕೇಳಿಕೊಳ್ಳಿ. ನಿಮ್ಮ ಊರಿನ ಕಛೇರಿಯಲ್ಲಿ ಒಂದು ಚಿತ್ರವನ್ನಾದರೂ ಪಕ್ಕವಾದ್ಯದವರದು ತೆಗೆಯಿರಿ. ಕ್ಯಾಮೆರಾದಲ್ಲಿಯೇ ಉಳಿಸದೆ ಮುದ್ರಿಸಿ ಅವರ ಮನೆಗೆ ತಲುಪಿಸಿರಿ.