ಒಂದೇ 'ಬಹುದು', ಎಷ್ಟೊಂದು ಇಂಗ್ಲಿಷು!

ಇಂಗ್ಲಿಷ್ ಬಾರದವರಿಗೂ ಬರುವ ವಾಕ್ಯ ನಮ್ಮ ಶಾಲೆಯಲ್ಲಿ ಒಂದಿದೆ. "ಮೇ ಐ ಕಮ್ ಇನ್ ಸಾರ್?" ದಿನಾ ಬಾಗಿಲಲ್ಲಿ ನಿಂತು ಕೂಗುತ್ತೇವೆ. ಆದರೆ ಅಲ್ಲಿ 'ಮೇ' ಯಾಕೆ, 'ಕ್ಯಾನ್' ಯಾಕಲ್ಲ ಅಂತ ಕೇಳಿದರೆ ಎಲ್ಲರೂ ಗಪ್‌ಚುಪ್. ಮುಂದೆ ಮೈಟ್, ಶುಡ್, ಮಸ್ಟ್ ಎಲ್ಲಾ ಸೇರಿಕೊಂಡು 'ಬಿಟ್ಟ ಸ್ಥಳ ತುಂಬಿರಿ'ಯಲ್ಲಿ ತಲೆ ತಿನ್ನುತ್ತವೆ.

ಇದಕ್ಕೆ ನಮ್ಮ ದಡ್ಡತನ ಕಾರಣ ಅಲ್ಲ ಗೆಳೆಯರೇ. ಚನ್ನಗಿರಿ, ಹೊನ್ನಾಳಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ನಮ್ಮ ಜಗಳೂರು ಚಿತ್ರದುರ್ಗದಲ್ಲಿತ್ತು. ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ಈಗ ತಾಲ್ಲೂಕಾಗಿದೆ. ಜಿಲ್ಲೆ, ತಾಲ್ಲೂಕು ಏನೇ ಬದಲಾದರೂ ಎಲ್ಲಾ ಕಡೆ ಜನ 'ಬೋದು' ಅಂತಲೇ ಅನ್ನುತ್ತಾರೆ. ಈ ಒಂದು 'ಬಹುದು' ಮೂರು ಆಳಿನ ಕೆಲಸ ಮಾಡುತ್ತದೆ.

ಹೊನ್ನಾಳಿಯಲ್ಲಿ ತುಂಗಭದ್ರಾ ಹೊಳೆ ದಂಡೆ ಅಂದುಕೊಳ್ಳಿ. ಹುಡುಗ ಕೇಳುತ್ತಾನೆ: "ಅಜ್ಜಾ, ಈಜಬೋದಾ?" ಇದು ಅಪ್ಪಣೆ, ಇಂಗ್ಲಿಷಿನಲ್ಲಿ 'ಮೇ'. ಅಜ್ಜ ಅನ್ನುತ್ತಾರೆ: "ಬ್ಯಾಡಪ್ಪ, ಸೆಳವು ಐತೆ, ಮುಳುಗಬೋದು." ಇದು ಅನುಮಾನ; 'ಮೇ' ಅಥವಾ 'ಮೈಟ್'. "ಚೆನ್ನಾಗಿ ಈಜೋನು ಆಚೆ ದಡ ಮುಟ್ಟಬೋದು." ಇದು ಶಕ್ತಿ, 'ಕ್ಯಾನ್'. ಹೊಳೆ ಒಂದೇ, 'ಬಹುದು' ಒಂದೇ, ಅರ್ಥ ಮಾತ್ರ ಮೂರು.

ಆದ್ದರಿಂದ ನಾನು ಒಂದು ಉಪಾಯ ಮಾಡಿಕೊಂಡಿದ್ದೇನೆ. ಇಂಗ್ಲಿಷಿಗೆ ಹೋಗುವ ಮೊದಲು ಕನ್ನಡದಲ್ಲೇ ಕೇಳಿಕೊಳ್ಳುವುದು. 'ಬಿಡ್ತಾರಾ?' ಅಂತ ಅರ್ಥವಾದರೆ ಮೇ. 'ಕೈಲಾಗುತ್ತಾ?' ಅಂತಾದರೆ ಕ್ಯಾನ್. 'ಆದರೂ ಆದೀತು' ಅಂತಾದರೆ ಮೇ ಅಥವಾ ಮೈಟ್. ನ್ಯಾಮತಿ ಬಸ್ಸು ಬರುವ ಹೊತ್ತಾಗಿದ್ದರೆ 'ಮೇ ಕಮ್'. ಹೊತ್ತು ಮೀರಿ, ಆಸೆ ಕಮ್ಮಿಯಾಗಿದ್ದರೆ 'ಮೈಟ್ ಕಮ್'. ಅಪ್ಪಣೆ ಕೇಳಲು 'ಕ್ಯಾನ್' ಕೂಡ ಬಳಸುತ್ತಾರೆ. ಆದರೆ 'ಮೇ' ಅಂದರೆ ಮರ್ಯಾದೆ ಒಂದು ತೂಕ ಜಾಸ್ತಿ. ಗೆಳೆಯನ ಪೆನ್ನಿಗೆ ಕ್ಯಾನ್, ಮೇಷ್ಟ್ರ ಬಾಗಿಲಿಗೆ ಮೇ.

'ಬೇಕು' ಕೂಡ ಹೀಗೇ. "ದಿನಾ ಓದಬೇಕು" ಅಂದರೆ ಬುದ್ಧಿವಾದ, ಅದು 'ಶುಡ್'. ಚನ್ನಗಿರಿ ಕಡೆ ಅಡಿಕೆ ಸುಲಿಯುವವರು "ಇವತ್ತೇ ಬೇಯಿಸಲೇಬೇಕು" ಅಂತಾರಲ್ಲ, ಆ 'ಲೇ' ಬಂದ ಕಡೆ 'ಮಸ್ಟ್'. ನಮ್ಮ ಜಗಳೂರಲ್ಲಿ "ಮಳೆ ಬರಬೇಕು" ಅಂದರೆ ಎರಡೂ ಅಲ್ಲ. ಮಳೆಗೆ ಬುದ್ಧಿ ಹೇಳೋರು ಯಾರು, ಅಪ್ಪಣೆ ಕೊಡೋರು ಯಾರು? ಅದು ಬರೀ ಹಂಬಲ. ಅದಕ್ಕೆ "ವಿ ನೀಡ್ ರೈನ್" ಅಂದರೇ ಸರಿ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು 'ನಾಟ್' ಸೇರಿದಾಗ. 'ನೀಡ್ ನಾಟ್' ಅಂದರೆ ಬೇಕಾಗಿಲ್ಲ. 'ಮಸ್ಟ್ ನಾಟ್' ಅಂದರೆ ಕೂಡದು. ನಮ್ಮ ಮನೆಗೆ ಮೆಕ್ಕೆಜೋಳಕ್ಕೆ ಎಣ್ಣೆ ಹೊಡೆಯುವ ಪಂಪು ತಂದಾಗ ಅದರ ಜೊತೆ ಇಂಗ್ಲಿಷಿನ ಒಂದು ಕಾಗದ ಬಂತು. ಅಪ್ಪ ನನ್ನ ಕೈಗೆ ಕೊಟ್ಟು ಓದಿಸಿದರು. ಸಾಲು ಸಾಲಿಗೂ ಅವರದು ಒಂದೇ ಪ್ರಶ್ನೆ: "ಇದು ಮಾಡಿದ್ರೆ ಒಳ್ಳೇದು ಅಂತಾನೋ, ಮಾಡ್ಲೇಬೇಕು ಅಂತಾನೋ?" ಅಪ್ಪ ಇಂಗ್ಲಿಷ್ ಕಲಿತವರಲ್ಲ. ಆದರೂ ಶುಡ್, ಮಸ್ಟ್ ಎರಡರ ವ್ಯತ್ಯಾಸವನ್ನೇ ಕೇಳುತ್ತಿದ್ದರು! ಗಾಳಿಗೆ ಎದುರಾಗಿ ಹೊಡೆಯುವ ಸಾಲಿನಲ್ಲಿ 'ಮಸ್ಟ್ ನಾಟ್' ಇತ್ತು. "ಕೂಡದು ಅಪ್ಪಾ" ಅಂದೆ. ಮಾರನೇ ದಿನ ಅವರು ಗಾಳಿ ನೋಡಿಕೊಂಡೇ ಸಾಲು ಹಿಡಿದರು.

ಪರೀಕ್ಷೆಯಲ್ಲಿ ಈ ಪದ ತಪ್ಪಿದರೆ ಹೋಗುವುದು ಒಂದು ಅಂಕ. ಹೊಲದಲ್ಲಿ ತಪ್ಪಿದರೆ ಹೋಗುವುದು ಮನೆಯವರ ಆರೋಗ್ಯ. ಹಾಗಾಗಿ ಇದನ್ನು ಬರೀ ಗ್ರಾಮರ್ ಅಂತ ಬಿಡಬಾರದು.

ಈಗ ನಿಮಗೆ ಎರಡು ವಾಕ್ಯ. "ಶಾಂತಿಸಾಗರ ಕೆರೆ ಈ ಸಲ ತುಂಬಬಹುದು." "ಆ ಕೆರೆಗೆ ಕಸ ಹಾಕಕೂಡದು." ಇಂಗ್ಲಿಷಿಗೆ ಮಾಡಿ, ಚೀಟಿಯಲ್ಲಿ ಬರೆದು ಈ ಪತ್ರಿಕೆಯ ಕೆಳಗೆ ಅಂಟಿಸಿ. ಕಾಪಿ ಹೊಡೆಯಬಾರದು!