ಇನ್‌ಕಮಿಂಗ್‌ಗೆ ಎಷ್ಟು?

ಟೆಲಿಕಾಂ ಕಂಪನಿಗಳ ಪಂಚಾಂಗದಲ್ಲಿ ತಿಂಗಳಿಗೆ 28 ದಿನ. ಹಾಗಾಗಿ ವರ್ಷಕ್ಕೆ ಹದಿಮೂರು ರೀಚಾರ್ಜು. ನಮಗೆ ಮೂರು ವರ್ಷಕ್ಕೊಮ್ಮೆ ಬರುವ ಅಧಿಕಮಾಸ ಅವರಿಗೆ ಪ್ರತಿ ವರ್ಷವೂ ಬರುತ್ತದೆ. ಮೂವತ್ತು ದಿನದ ಪ್ಲಾನ್ ಒಂದಾದರೂ ಇರಲೇಬೇಕು ಎಂದು 2022ರಲ್ಲಿ ಟ್ರಾಯ್ ಆದೇಶ ಹೊರಡಿಸಿತು. ಇಟ್ಟಿದ್ದಾರೆ, ತಾಳ್ಮೆಯಿಂದ ಹುಡುಕಿದರೆ ಸಿಗುತ್ತದೆ.

ಪ್ರಾಜೆಕ್ಟ್ ಮ್ಯಾನೇಜರ್ ಆದವನಿಗೆ ಎಕ್ಸೆಲ್ ಒಂದು ಚಟ. ಮನೆಯ ಐದು ಸಿಮ್ಮುಗಳ ಖರ್ಚನ್ನೂ ಒಂದು ಶೀಟಿನಲ್ಲಿ ಹಾಕಿಟ್ಟಿದ್ದೇನೆ. ಪುಣೆಯಲ್ಲಿ ನಾವು ಮೂವರು, ಗದಗ ಕಡೆಯ ಊರಿನಲ್ಲಿ ಅಣ್ಣ ಮತ್ತು ಅವ್ವ. ನಾಲ್ಕು ಸಾಲುಗಳ ಬಗ್ಗೆ ನನ್ನ ತಕರಾರಿಲ್ಲ. ನಾವು ದಿನವಿಡೀ ಡೇಟಾ ಸುರಿದುಕೊಳ್ಳುವವರು, ಅದಕ್ಕೆ ಕೊಡುವ ದುಡ್ಡು ಕಡಿಮೆಯೇ. ಐದನೆಯ ಸಾಲು ಅವ್ವನದು. ಬಟನ್ ಫೋನು. ಬಂದರೆ ಎತ್ತುತ್ತಾಳೆ, ತಾನಾಗಿ ಯಾರಿಗೂ ಮಾಡುವುದಿಲ್ಲ. 2024ರ ಜುಲೈನಲ್ಲಿ ದರ ಏರಿದ ಮೇಲೆ ಆ ಸಾಲಿನಲ್ಲಿ 28 ದಿನಕ್ಕೆ 199 ರೂಪಾಯಿ. "ನಾ ಯಾರಿಗೂ ಫೋನ್ ಹಚ್ಚೂದಿಲ್ಲ, ಮತ್ತ ರೊಕ್ಕ ಯಾತಕ್ಕ ತಗೋತಾರೋ ತಮ್ಮಾ?" ಅಂತ ಅವಳ ಪ್ರಶ್ನೆ. ಎಂ.ಟೆಕ್ ಓದಿದ ಮಗ ಇದಕ್ಕೆ ನೇರವಾದ ಉತ್ತರ ಕೊಡುವುದು ಕಷ್ಟ.

1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಂಪರ್ಕ ಸಚಿವ ಸುಖರಾಮ್ ಅವರೊಡನೆ ಮಾತಾಡಿದ್ದು ದೇಶದ ಮೊದಲ ಮೊಬೈಲ್ ಕರೆ. ಮಾಡಿದರೆ ನಿಮಿಷಕ್ಕೆ ಹದಿನಾರು ರೂಪಾಯಿ ಆಸುಪಾಸು, ಬಂದರೂ ದುಡ್ಡು. ಮೊಬೈಲ್ ಇದ್ದವರೂ ನಂಬರ್ ನೋಡಿ ಕಟ್ ಮಾಡಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತಿಗೆ ಹೋಗುತ್ತಿದ್ದ ಕಾಲ. 2003ರಲ್ಲಿ ನಿಯಮ ಬದಲಾಯಿತು: ಫೋನ್ ಮಾಡಿದವನೇ ದುಡ್ಡು ಕೊಡಬೇಕು, ಎತ್ತಿದವನಿಗೆ ಪುಕ್ಕಟೆ. ನನ್ನ ಲೆಕ್ಕದಲ್ಲಿ ಈ ಉದ್ಯಮ ನಿಜವಾಗಿ ಹುಟ್ಟಿದ್ದು ಆ ವರ್ಷ. ಕೈಯಲ್ಲಿ ಕಾಸಿಲ್ಲದವನೂ ಫೋನ್ ಇಟ್ಟುಕೊಳ್ಳಬಹುದಾಯಿತು, ಯಾಕೆಂದರೆ ಅವನನ್ನು ಹುಡುಕುವವನು ದುಡ್ಡು ಕೊಡುತ್ತಿದ್ದ. ಮಿಸ್ಡ್ ಕಾಲ್ ಒಂದು ಭಾಷೆಯೇ ಆಯಿತು. ಒಂದು ರಿಂಗ್ ಅಂದರೆ 'ಮುಟ್ಟಿದೆ', ಎರಡು ಅಂದರೆ 'ನೀನೇ ಮಾಡು'. ಆ ಮಿಸ್ಡ್ ಕಾಲನ್ನೇ ವ್ಯಾಪಾರ ಮಾಡಿಕೊಂಡ ಬೆಂಗಳೂರಿನ ಜಿಪ್‌ಡಯಲ್ ಕಂಪನಿಯನ್ನು 2015ರಲ್ಲಿ ಟ್ವಿಟರ್ ಕೊಂಡುಕೊಂಡಿತು!

ಜೊತೆಗೆ ಬಂದದ್ದು ಹತ್ತು ರೂಪಾಯಿಯ ಟಾಪಪ್. ಶಾಂಪೂ ಸ್ಯಾಶೆಯ ಪಕ್ಕದಲ್ಲೇ ಕಿರಾಣಿ ಅಂಗಡಿಯಲ್ಲಿ ಅದೂ ತೂಗಾಡುತ್ತಿತ್ತು. 2009ರಲ್ಲಿ ಸೆಕೆಂಡಿನ ಲೆಕ್ಕ ಬಂತು. 'ಲೈಫ್‌ಟೈಮ್' ಎಂಬ ಕಾರ್ಡು ಅದಕ್ಕೂ ಮೊದಲೇ ಬಂದಿತ್ತು. 999 ರೂಪಾಯಿ ಕಟ್ಟಿದರೆ ಇನ್‌ಕಮಿಂಗ್ ಜೀವಮಾನ ಪೂರ್ತಿ. ಅಪ್ಪ ಒಂದು ಹಾಕಿಸಿದ್ದರು. ಜೀವಮಾನ ಎಂದರೆ ಗ್ರಾಹಕನದಲ್ಲ, ಕಂಪನಿಯ ಲೈಸೆನ್ಸಿನದು ಎಂದು ತಿಳಿದಾಗ ಅವರು ನಕ್ಕುಬಿಟ್ಟರು.

ಊರು ಬಿಟ್ಟವರಾದ ನಮಗೆ ಇನ್ನೊಂದು ಸುಂಕವಿತ್ತು. ದೇಶವನ್ನು 22 ಸರ್ಕಲ್ಲುಗಳಾಗಿ ಹಂಚಿದ್ದರಿಂದ ನಿಪ್ಪಾಣಿ ದಾಟಿ ಕಾಗಲ್ ಬಂತೆಂದರೆ ಬಸ್ಸಿನಲ್ಲಿ ಎಲ್ಲರ ಜೇಬೂ ಒಟ್ಟಿಗೆ ಕುಂಯ್‌ಗುಟ್ಟುತ್ತಿತ್ತು: ವೆಲ್‌ಕಮ್ ಟು ಮಹಾರಾಷ್ಟ್ರ. ಅಲ್ಲಿಂದ ಮುಂದೆ ಬಂದ ಕರೆಗೂ ದುಡ್ಡು. ಊರಿಗೊಂದು, ಕೆಲಸಕ್ಕೊಂದು ಅಂತ ಎರಡು ಸಿಮ್ ಇಟ್ಟುಕೊಳ್ಳುವುದು ಶೋಕಿಯಾಗಿರಲಿಲ್ಲ. 2016ರಲ್ಲಿ ಜಿಯೋ ಬಂದು ಕರೆಯೇ ಪುಕ್ಕಟೆಯಾದ ಮೇಲೆ ಆ ಗಡಿ ಅಳಿಸಿಹೋಯಿತು. ರೋಮಿಂಗ್ ಎಂದರೆ ಏನೆಂದು ನನ್ನ ಮಗಳಿಗೆ ಬಿಡಿಸಿ ಹೇಳಬೇಕಾಯಿತು.

ಫೋನಿನ ಆರ್ಥಿಕ ಲಾಭ ಎಂದಾಗ ಅರ್ಥಶಾಸ್ತ್ರದವರು ಮೊದಲು ಹೇಳುವುದು ಕೇರಳದ ಮೀನುಗಾರರ ಕಥೆ. 1997ರಿಂದ 2001ರ ನಡುವೆ ಉತ್ತರ ಕೇರಳದ ಕರಾವಳಿಗೆ ಹಂತಹಂತವಾಗಿ ಟವರುಗಳು ಬಂದವು. ಯಾವ ಕಡಲದಂಡೆಯಲ್ಲಿ ಬೂತಾಯಿಗೆ ಬೆಲೆ ಇದೆ ಎಂದು ದೋಣಿಯಿಂದಲೇ ಕೇಳಿ ಅಲ್ಲಿಗೆ ತಿರುಗಿಸತೊಡಗಿದರು. ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮೊದಲು ನೂರಕ್ಕೆ ಐದರಿಂದ ಎಂಟರಷ್ಟು ಮೀನು ಕೊಳ್ಳುವವರಿಲ್ಲದೆ ಹಾಳಾಗುತ್ತಿದ್ದದ್ದು ಹೆಚ್ಚುಕಡಿಮೆ ನಿಂತೇಹೋಯಿತು. ಮೀನುಗಾರರ ಲಾಭ ಶೇ 8ರಷ್ಟು ಏರಿತು, ಕೊಳ್ಳುವವರ ಬೆಲೆ ಶೇ 4ರಷ್ಟು ಇಳಿಯಿತು. ಇದು 2ಜಿ ಕಾಲದ ಮಾತು. ಬೇಕಾಗಿದ್ದದ್ದು ಬರೀ ಒಂದು ನಿಮಿಷದ ಮಾತು.

ಕಂಪನಿಗಳದೂ ಒಂದು ಕಷ್ಟವಿದೆ, ಅದನ್ನು ಮರೆಯಬಾರದು. 2022ರ ತರಂಗಾಂತರ ಹರಾಜಿನಲ್ಲಿ ಅವರು ಒಪ್ಪಿಕೊಂಡದ್ದು ಒಂದೂವರೆ ಲಕ್ಷ ಕೋಟಿ ರೂಪಾಯಿ. ಅದಕ್ಕೂ ಮೊದಲು, 2019ರ ಅಕ್ಟೋಬರಿನಲ್ಲಿ, ಸುಪ್ರೀಂ ಕೋರ್ಟಿನ ಎಜಿಆರ್ ತೀರ್ಪು ಹಳೇ ಬಾಕಿಯ ಬೆಟ್ಟ ಹೊರಿಸಿತ್ತು. ಒಂದು ಕಾಲದಲ್ಲಿ ಡಜನ್‌ಗಟ್ಟಲೆ ಇದ್ದವರಲ್ಲಿ ಈಗ ಉಳಿದದ್ದು ಮೂರು ಖಾಸಗಿ ಕಂಪನಿ, ಮತ್ತೆ ಬಿಎಸ್‌ಎನ್‌ಎಲ್. ನಮ್ಮ ಆಫೀಸಿನಲ್ಲಿ ಬಿಲ್ಲಿಂಗ್ ಅವರ್ಸ್ ಹೇಗೋ ಅವರಲ್ಲಿ ಆರ್ಪು ಹಾಗೆ: ಒಬ್ಬ ಗ್ರಾಹಕನಿಂದ ತಿಂಗಳಿಗೆ ಬರುವ ಸರಾಸರಿ ದುಡ್ಡು. ಅದನ್ನು ಏರಿಸುವ ಸುಲಭದ ದಾರಿ ಕೆಳಗಿನ ಮೆಟ್ಟಿಲನ್ನೇ ತೆಗೆದುಬಿಡುವುದು. 2018ರ ಕೊನೆಗೆ 'ಕನಿಷ್ಠ ರೀಚಾರ್ಜ್' ಬಂದಾಗ ಅದು 35 ರೂಪಾಯಿ. ಇವತ್ತು 200ರ ಹತ್ತಿರ.

ಡೇಟಾ ಬೇಡದವರಿಗೆ ಬರೀ ಮಾತಿನ ಪ್ಯಾಕ್ ಕೊಡಿ ಎಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ಹೇಳಿತು. ಕೊಟ್ಟರು: 84 ದಿನಕ್ಕೆ 450 ರೂಪಾಯಿ ಆಸುಪಾಸು. ದಿನಕ್ಕೆ ಐದೂ ಚಿಲ್ಲರೆ ರೂಪಾಯಿ. ಅವ್ವನನ್ನು ನಾನು ಅದಕ್ಕೆ ಬದಲಾಯಿಸಿದೆ, ಶೀಟಿನಲ್ಲಿ ಸ್ವಲ್ಪ ಉಳಿತಾಯವೂ ಕಾಣಿಸಿತು. ಆದರೆ ಅಗ್ಗದ ದರ ಬೇಕಾದರೆ ನಾನೂರೈವತ್ತು ಒಮ್ಮೆಗೇ ಎಣಿಸಬೇಕು. ದಿನಗೂಲಿಯವನ ಜೇಬಿಗೆ ಹೊಂದುವುದು ಸ್ಯಾಶೆಯೇ ಹೊರತು ಡಬ್ಬಿಯಲ್ಲ. ಉದ್ಯಮ ಬೆಳೆದದ್ದು ಸ್ಯಾಶೆ ಮಾರಿ. ಈಗ ಅಂಗಡಿಯಲ್ಲಿ ಡಬ್ಬಿ ಮಾತ್ರ.

ಮುಂದೇನು ಎಂದು ಸ್ನೇಹಿತರು ಕೇಳಿದರೆ 5ಜಿ, ತಂತಿಯಿಲ್ಲದೆ ಮನೆಗೆ ಬರುವ ಬ್ರಾಡ್‌ಬ್ಯಾಂಡ್, ಉಪಗ್ರಹ ಎಲ್ಲ ಹೇಳಬಲ್ಲೆ. ಅವೆಲ್ಲ ನನ್ನಂಥವರ ಆರ್ಪು ಏರಿಸುತ್ತವೆ, ನಾವು ಗೊಣಗುತ್ತಲೇ ಕೊಡುತ್ತೇವೆ. ಕೊಡಲಾಗದವರೂ ಬಿಟ್ಟುಹೋಗುವಂತಿಲ್ಲ. ಬ್ಯಾಂಕಿನ ಓಟಿಪಿ, ಆಧಾರ್, ಗೃಹಲಕ್ಷ್ಮಿ ದುಡ್ಡು ಬಂದ ಮೆಸೇಜು ಎಲ್ಲ ಅದೇ ನಂಬರಿಗೆ. ಬಹಳ ದಿನ ರೀಚಾರ್ಜ್ ಇಲ್ಲದಿದ್ದರೆ ಆ ನಂಬರು ಇನ್ಯಾರದೋ ಪಾಲು. ಇದು ರೇಷನ್ ಕಾರ್ಡಿನಂಥ ವಸ್ತುವಾದ ಮೇಲೆ ಇನ್‌ಕಮಿಂಗ್‌ಗೆ ಒಂದು ಕಡಿಮೆ ದರ ಗೊತ್ತುಮಾಡುವುದು ಸರ್ಕಾರದ ಕೆಲಸ ಎಂದೇ ನನ್ನ ಅಭಿಪ್ರಾಯ. ತರಂಗಾಂತರದ ದುಡ್ಡು ತೆಗೆದುಕೊಂಡವರು ಅವರೇ ತಾನೆ.

ಹಿಂಜವಡಿಯಲ್ಲಿ ನಮ್ಮ ಆಫೀಸಿನ ಎದುರು ಕಟ್ಟಡವೊಂದು ಏಳುತ್ತಿದೆ. ಕೆಲಸದವರಲ್ಲಿ ಯಾದಗಿರಿ ಕಡೆಯವರು ಬಹಳ. ಚಹಾದ ಗಾಡಿಯ ಹತ್ತಿರ ಕನ್ನಡ ಕೇಳಿ ನಾನೇ ಮಾತಾಡಿಸಿದ್ದೆ. ನಾಳೆ ಎಲ್ಲಿ ಕೆಲಸ ಎಂದು ಮೇಸ್ತ್ರಿ ರಾತ್ರಿ ಫೋನಿನಲ್ಲೇ ಹೇಳುತ್ತಾನೆ. ಒಬ್ಬನ ಫೋನು ಬಂದಾಗಿ ಎರಡು ದಿನದ ಪಗಾರ ಹೋಗಿತ್ತಂತೆ. ಈಗ ಆರು ಜನ ಸೇರಿ ಒಂದು ಉಪಾಯ ಮಾಡಿದ್ದಾರೆ. ಒಬ್ಬನದಕ್ಕೆ ಎಲ್ಲರೂ ಪಟ್ಟಿ ಹಾಕಿ ರೀಚಾರ್ಜ್ ಮಾಡಿಸುತ್ತಾರೆ, ಮೇಸ್ತ್ರಿಗೂ ಊರಿಗೂ ಅದೇ ನಂಬರು. "ಎಲ್ಲಾರ್ದೂ ಯಾಕ್ ಬೇಕ್ರಿ ಸರ, ಒಂದ್ ಹತ್ತಿದ್ರ ಸಾಕು" ಎಂದ. ನಮ್ಮ ಚಿಕ್ಕಂದಿನಲ್ಲಿ ಲಗ್ನಪತ್ರಿಕೆಯ ಕೆಳಗೆ ಪಕ್ಕದ ಮನೆಯವರ ಫೋನ್ ನಂಬರ್ ಹಾಕಿ ಪಿ.ಪಿ. ಎಂದು ಬರೆಯುತ್ತಿದ್ದೆವಲ್ಲ, ಅದು 5ಜಿ ಟವರಿನ ಬುಡದಲ್ಲಿ ಮತ್ತೆ ಚಾಲ್ತಿಗೆ ಬಂದಿದೆ.